ಸರ್ವರ್ ಡೌನ್ ಆದ್ರೆ ಬೈಸ್ಕೊಳ್ಳೋನು ಒಬ್ಬನೇ (ಭಾಗ 4)

ಜಗಳೂರಲ್ಲಿ ನೆಟ್ ಕೈಕೊಟ್ರೆ ಪಹಣಿಯೂ ಇಲ್ಲ, ಸ್ಕಾಲರ್‌ಶಿಪ್ ಅರ್ಜಿಯೂ ಇಲ್ಲ. ಕ್ಯೂನಲ್ಲಿರೋ ನಾವೆಲ್ಲ ಬೈಯೋದು ಕಂಪ್ಯೂಟರ್ ಮುಂದೆ ಕೂತವನನ್ನೇ. ಕೆಟ್ಟಿದ್ದು ರೂಟರೋ, ಕೇಬಲ್ಲೋ, ಸರ್ವರೋ ಅಂತ ಅವನಾದ್ರೂ ಯಾರನ್ನ ಕೇಳ್ಬೇಕು?

ದಕ್ಷಿಣ ಏಷ್ಯಾದ ನೆಟ್‌ವರ್ಕ್ ಇಂಜಿನಿಯರುಗಳು 2003ರಲ್ಲೇ ಕಠ್ಮಂಡುವಿನಲ್ಲಿ ಸೇರಿ ಸ್ಯಾನಾಗ್ ಅನ್ನೋ ಕೂಟ ಶುರು ಮಾಡಿದ್ರು. ಪೈಪೋಟಿ ಕಂಪನಿಗಳವರೇ ಒಟ್ಟಿಗೆ ಕೂತು ಒಬ್ಬರಿಂದೊಬ್ಬರು ಕಲೀತಾರೆ. ನಮ್ಮಲ್ಲಿ? 'ಪಕ್ಕದಂಗಡಿಯವನಿಗೆ ಹೇಳ್ಕೊಟ್ರೆ ನನ್ನ ಗಿರಾಕಿ ಹೋಗ್ತಾನೆ' ಅನ್ನೋ ಭಯ.

ಅಲ್ರಪ್ಪಾ, ವಿದ್ಯೆ ಬಚ್ಚಿಟ್ರೆ ನಷ್ಟ ಯಾರಿಗೆ? ಕೂಲಿ ಬಿಟ್ಟು ಬಂದು ಕ್ಯೂನಲ್ಲಿ ನಿಂತ ಅಜ್ಜಿಗೆ. ಪಂಚಾಯ್ತಿ, ಕಾಲೇಜ್ ಲ್ಯಾಬ್, ಸೈಬರ್, ಕೇಬಲ್ ಹುಡುಗರೆಲ್ಲ ಸೇರಿ ತಾಲೂಕಿಗೊಂದು ವಾಟ್ಸಾಪ್ ಗ್ರೂಪ್ ಮಾಡಿ. ಪಾಸ್‌ವರ್ಡ್ ಹಾಕ್ಬೇಡಿ, ಗುಡ್ ಮಾರ್ನಿಂಗೂ ಬೇಡ. ಏನು ಕೆಟ್ಟಿತ್ತು, ಹೇಗೆ ಸರಿಹೋಯ್ತು, ಅಷ್ಟನ್ನ ಕನ್ನಡದಲ್ಲಿ ಬರೀರಿ.

ಅಂಥ ಹುಡುಗರು ನಿಮ್ಮ ಪರಿಚಯದಲ್ಲಿದ್ರೆ ಇಲ್ಲೇ ಟ್ಯಾಗ್ ಮಾಡಿ.