ನಿಂತ ಕಾರಿನ ಬ್ಯಾಟರಿಯನ್ನು ತಿಂದವರಾರು?

ಸೋಮವಾರ ಬೆಳಗ್ಗೆ ಆರು ಗಂಟೆ. ಪಿಯುಸಿ ಓದುವ ಮಗಳನ್ನು ಟ್ಯೂಷನ್ನಿಗೆ ಬಿಡಬೇಕು. ಅಪ್ಪ ಕೀ ತಿರುಗಿಸಿದರೆ 'ಟಿಕ್ ಟಿಕ್' ಎಂಬ ಸದ್ದಷ್ಟೆ, ಎಂಜಿನ್ ಅಲುಗಲಿಲ್ಲ. ಕಾರು ಕೊಂಡು ಎರಡು ವರ್ಷವಾಗಿಲ್ಲ, ಬ್ಯಾಟರಿ ಬದಲಾಯಿಸಿ ಎರಡೇ ತಿಂಗಳು. ಒಳಗೆ ಯಾವ ದೀಪವೂ ಉರಿಯುತ್ತಿರಲಿಲ್ಲ. "ಇದೂ ಹೋಯಿತು, ಇನ್ನೊಂದು ತರಬೇಕು" ಎಂದು ಅಪ್ಪ ಗೊಣಗುತ್ತಿದ್ದಾಗ ಮಗಳು ಕೇಳಿದಳು: "ಅಪ್ಪಾ, ಯಾವಾಗಲೂ ಸೋಮವಾರವೇ ಯಾಕೆ ಹೀಗಾಗುತ್ತೆ?"

ಇದು ಯಾವ ಮನೆಯಲ್ಲಾದರೂ ನಡೆಯಬಹುದಾದ ಪ್ರಸಂಗ. ಆದರೆ ಎಲ್ಲ ಮನೆಗಳಲ್ಲೂ ಆ ಪ್ರಶ್ನೆ ಏಳುವುದಿಲ್ಲ. ಉತ್ತರ ಇರುವುದೇ ಅದರಲ್ಲಿ.

ಹಳೆಯ ಕಾರಿನಲ್ಲಿ ಕೀ ತೆಗೆದರೆ ಬಹುಮಟ್ಟಿಗೆ ಎಲ್ಲವೂ ಬಂದ್. ಹೊಸ ಕಾರು ಹಾಗಲ್ಲ, ಅದು ಬರೀ ನಿದ್ದೆ ಹೋಗುತ್ತದೆ. ಗಡಿಯಾರ ಓಡುತ್ತಿರಬೇಕು, ಕಳ್ಳರ ಅಲಾರಂ ಎಚ್ಚರವಾಗಿರಬೇಕು, ರಿಮೋಟ್ ಒತ್ತಿದೊಡನೆ ಬಾಗಿಲು ತೆರೆಯಬೇಕು. ಈ ಕಾವಲಿಗೆಲ್ಲ ಸೇರಿ ಸಾಮಾನ್ಯವಾಗಿ 0.05 ಆಂಪಿಯರ್‌ಗಿಂತ ಕಡಿಮೆ ವಿದ್ಯುತ್ತು ಸಾಕು. 45 ಆಂಪಿಯರ್-ಗಂಟೆಯ ಬ್ಯಾಟರಿಯಿಂದ 0.03 ಆಂಪಿಯರ್ ಹರಿಯುತ್ತಿದ್ದರೆ, ಅದು ಅರ್ಧ ಖಾಲಿಯಾಗಲು ಒಂದು ತಿಂಗಳು ಬೇಕು. ಎರಡೇ ದಿನದಲ್ಲಿ ಕಾರು ಮುಷ್ಕರ ಹೂಡಿದರೆ ಬೇರೆ ಯಾರೋ ತಿನ್ನುತ್ತಿದ್ದಾರೆ ಎಂದೇ ಅರ್ಥ.

ಆದರೂ ಮೊದಲು ನಿರಪರಾಧಿಗಳನ್ನು ಪಕ್ಕಕ್ಕೆ ಸರಿಸಬೇಕು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ತಂತಿ ಬಿಚ್ಚಿ ಎರಡು ದಿನ ಸುಮ್ಮನೆ ಇಡಿ. ಮಲ್ಟಿಮೀಟರು ಆಗಲೂ ಸುಮಾರು 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತಾನಾಗಿಯೇ ಸೋರುತ್ತಿಲ್ಲ. ಎಂಜಿನ್ ಓಡುವಾಗ ಅದು 14 ವೋಲ್ಟಿನ ಆಸುಪಾಸು ಇದ್ದರೆ, ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂಡ ಸರಿಯಾಗಿದೆ. ಈ ಮನೆಯಲ್ಲಿ ಎರಡೂ ಸರಿಯಾಗಿದ್ದವು.

ಇನ್ನು ಸೋರಿಕೆ. ಕಾರು ಬಂದ್ ಮಾಡಿ, ಬ್ಯಾಟರಿಯ ಮೈನಸ್ ತುದಿಯಿಂದ ತಂತಿ ಬಿಚ್ಚಿ, ತುದಿಗೂ ತಂತಿಗೂ ನಡುವೆ ಮೀಟರನ್ನು 10 ಆಂಪಿಯರ್ ಅಳತೆಗಿಟ್ಟು ಸರಣಿಯಲ್ಲಿ ಜೋಡಿಸಬೇಕು. ಜೋಡಿಸಿದೊಡನೆ ಕಾಣುವ ಅಂಕಿಯನ್ನು ನಂಬಬಾರದು. ಕಾರು ಆಗಷ್ಟೇ ಎಚ್ಚೆತ್ತಿರುತ್ತದೆ. ಬಾಗಿಲು ಮುಚ್ಚಿ, ರಿಮೋಟ್ ದೂರವಿಟ್ಟು ಅರ್ಧ ಗಂಟೆಯಾದರೂ ಕಾಯಬೇಕು. ಮಗಳು ಕಾದಳು. ಎರಡು ಆಂಪಿಯರ್ ದಾಟಿದ್ದ ಅಂಕಿ ಮೆಲ್ಲಗೆ ಇಳಿದು 0.33ರಲ್ಲಿ ನಿಂತಿತು. ಕಾರು ಮಲಗಿದೆ, ಅದರೊಳಗೆ ಯಾರೋ ಮಲಗಿಲ್ಲ.

ಮುಂದಿನದು ತಾಳ್ಮೆಯ ಕೆಲಸ. ಒಂದು ಫ್ಯೂಸ್ ತೆಗೆ, ಮೀಟರ್ ನೋಡು, ಮತ್ತೆ ಹಾಕು, ನಂತರ ಇನ್ನೊಂದು. ಎರಡನ್ನು ಒಟ್ಟಿಗೆ ತೆಗೆದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ. ಫ್ಯೂಸ್ ಮತ್ತೆ ಹಾಕಿದಾಗ ಕಾರು ಎಚ್ಚೆತ್ತರೆ ಇನ್ನೊಮ್ಮೆ ಕಾಯಬೇಕು. ಎಂಟನೆಯ ಫ್ಯೂಸ್ ಕಿತ್ತಾಗ ಅಂಕಿ 0.33ರಿಂದ 0.03ಕ್ಕೆ ಬಿತ್ತು. ಆ ಫ್ಯೂಸಿನಿಂದ ಹೊರಟ ತಂತಿ, ನಾಲ್ಕು ತಿಂಗಳ ಹಿಂದೆ ಮುಂಗಾಜಿಗೆ ಹಾಕಿಸಿದ್ದ ಡ್ಯಾಶ್ ಕ್ಯಾಮೆರಾಕ್ಕೆ ಹೋಗಿತ್ತು. ಕಾರು ನಿಂತ ಮೇಲೂ ಅದು ಹಗಲಿರುಳು ಖಾಲಿ ಅಂಗಳವನ್ನು ಚಿತ್ರೀಕರಿಸುತ್ತಿತ್ತು!

0.3 ಆಂಪಿಯರ್ ಯಾವ ಲೆಕ್ಕ ಎನ್ನಬಹುದು. ಎಂಜಿನ್ ಸ್ಟಾರ್ಟ್ ಮಾಡಲು 150 ಆಂಪಿಯರ್ ಎರಡು ಸೆಕೆಂಡು ಹರಿಯಿತೆನ್ನಿ. ಅಂದರೆ 300 ಕೂಲಂಬ್. ಕ್ಯಾಮೆರಾ ಅಷ್ಟನ್ನೇ 1000 ಸೆಕೆಂಡಿನಲ್ಲಿ, ಎಂದರೆ ಸುಮಾರು 17 ನಿಮಿಷದಲ್ಲಿ ತಿಂದು ಮುಗಿಸುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಕೆ?

ಸೋಮವಾರದ ಗುಟ್ಟೂ ಇದೇ. ವಾರದ ದಿನಗಳಲ್ಲಿ ರಾತ್ರಿ 12 ಗಂಟೆಗೆ ಹೋಗುವುದು 4 ಆಂಪಿಯರ್-ಗಂಟೆ. ಮರುದಿನದ ಓಡಾಟದಲ್ಲಿ ಅದು ಹೆಚ್ಚುಕಡಿಮೆ ತುಂಬಿಕೊಳ್ಳುತ್ತದೆ. ಶುಕ್ರವಾರ ಸಂಜೆ ಆರರಿಂದ ಸೋಮವಾರ ಬೆಳಗ್ಗೆ ಆರರವರೆಗೆ 60 ಗಂಟೆ. ಹೋಗುವುದು ಸುಮಾರು 20. ಮೊದಲೇ ಪೂರ್ತಿ ತುಂಬಿರದ ಬ್ಯಾಟರಿಗೆ ಅಷ್ಟು ಸಾಕು.

ಹಳೆಯ ಬ್ಯಾಟರಿ ಕೆಟ್ಟಿದ್ದೂ ಸುಳ್ಳಲ್ಲ. ಪದೇ ಪದೇ ಬರಿದಾದರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಕಟ್ಟಿ, ಬ್ಯಾಟರಿಯ ಕಸುವು ಕುಗ್ಗುತ್ತದೆ. ಅದು ಅಪರಾಧಿಯಲ್ಲ, ಏಟು ತಿಂದದ್ದು. ಕ್ಯಾಮೆರಾದ ತಂತಿಯನ್ನು ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ಫ್ಯೂಸಿಗೆ ಬದಲಾಯಿಸಿದ ಮೇಲೆ ಸೋಮವಾರದ ಕಾಟ ನಿಂತಿತು. ಹೊಸ ಬ್ಯಾಟರಿಯ ದುಡ್ಡು ಉಳಿಯಿತು.

ಎಚ್ಚರಿಕೆಯ ಮಾತು: ಮೀಟರು ಸರಣಿಯಲ್ಲಿರುವಾಗ ಕಾರನ್ನು ಸ್ಟಾರ್ಟ್ ಮಾಡಕೂಡದು, ಮೀಟರೇ ಸುಟ್ಟುಹೋದೀತು. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊಮ್ಮುತ್ತದೆ, ಬಳಿ ಬೆಂಕಿ ಕಿಡಿ ಸಲ್ಲದು. ಏರ್‌ಬ್ಯಾಗಿನ ತಂತಿಗಳನ್ನು ಮುಟ್ಟಬಾರದು. ಮಕ್ಕಳು ಈ ಕೆಲಸವನ್ನು ಹಿರಿಯರ ಜೊತೆಗೇ ಮಾಡಬೇಕು.

ಮನೆಲೆಕ್ಕ: 60 ಆಂಪಿಯರ್-ಗಂಟೆಯ ಬ್ಯಾಟರಿಯಿಂದ 0.1 ಆಂಪಿಯರ್ ಸೋರುತ್ತಿದ್ದರೆ ಅದು ಅರ್ಧ ಖಾಲಿಯಾಗಲು ಎಷ್ಟು ದಿನ? (ಉತ್ತರ: ಹನ್ನೆರಡೂವರೆ ದಿನ.)