ವಚನಕ್ಕೆ ಬೇಲಿ ಹಾಕುವವರಾರು?

ಕಳೆದ ಶ್ರಾವಣದಲ್ಲಿ ನಡೆದ ಸಣ್ಣ ಸಂಗತಿಯೊಂದನ್ನು ವಾಚಕರ ಮುಂದಿಡಬೇಕಾಗಿದೆ. ನಮ್ಮ ದೇವರಮನೆಯ ಸುತ್ತಲಿನ ಕಾಫಿತೋಟಗಳ ಮಕ್ಕಳಿಗೆ ವಾರಕ್ಕೊಮ್ಮೆ ವಚನಪಾಠ ಹೇಳುವ ಏರ್ಪಾಡು ಮಾಡಿದ್ದೆವು. ಮಕ್ಕಳು ನಲವತ್ತು, ಪುಸ್ತಕ ಒಂದು. ಹನ್ನೆರಡು ವಚನಗಳಿದ್ದ ನಾಲ್ಕು ಪುಟಗಳ ಪ್ರತಿ ತೆಗೆಸೋಣವೆಂದು ಮೂಡಿಗೆರೆಗೆ ಇಳಿದು ಜೆರಾಕ್ಸ್ ಅಂಗಡಿಗೆ ಹೋದರೆ, ಅಲ್ಲಿಯ ಹುಡುಗ ಪುಸ್ತಕದ ಒಳಪುಟ ತೆರೆದು ತೋರಿಸಿದ. “ಮಾಡಬಾರದು ಅಂತ ಬರೆದಿದೆಯಲ್ಲ, ಸಾರ್” ಎಂದ. ಗ್ರಂಥದ ಯಾವ ಭಾಗವನ್ನೂ ಪ್ರಕಾಶಕರ ಅನುಮತಿಯಿಲ್ಲದೆ ಛಾಯಾಪ್ರತಿ, ಧ್ವನಿಮುದ್ರಣ ಮೊದಲಾದ ಯಾವುದೇ ಯಾಂತ್ರಿಕ ವಿಧಾನದಿಂದ ಪುನರ್ಮುದ್ರಿಸಕೂಡದೆಂಬ ಒಕ್ಕಣೆ ಅಲ್ಲಿತ್ತು. ಹುಡುಗನ ಪ್ರಾಮಾಣಿಕತೆಯನ್ನು ಮೆಚ್ಚಿದೆ. ಒಕ್ಕಣೆ ಬರೆದವರ ವಿಷಯದಲ್ಲಿ ಆ ಮಾತನ್ನು ಹೇಳಲಾರೆ.

ಯಾವ ಭಾಗವನ್ನೂ! ಅಣ್ಣನವರ ಮಾತು, ಅಕ್ಕನ ಮಾತು, ಅಲ್ಲಮನ ಮಾತು ಇವರ ಸ್ವತ್ತಾದುದು ಎಂದಿನಿಂದ? 1957ರ ಕೃತಿಸ್ವಾಮ್ಯ ಅಧಿನಿಯಮವು ಲೇಖಕನ ಜೀವಿತಕಾಲಕ್ಕೂ ಅವನು ತೀರಿಕೊಂಡ ಮೇಲಿನ 60 ವರ್ಷಗಳಿಗೂ ರಕ್ಷಣೆ ಕೊಡುತ್ತದೆ. 1992ಕ್ಕೆ ಮುಂಚೆ ಅದು 50 ವರ್ಷವಾಗಿತ್ತು. ಹನ್ನೆರಡನೆಯ ಶತಮಾನದ ಶರಣರ ನುಡಿಗೆ ಈ ಲೆಕ್ಕ ತಾಗುವುದೆಂತು? ಸಂಪಾದಕರ ಪೀಠಿಕೆ ಅವರದು, ಟಿಪ್ಪಣಿ ಅವರದು, ಅರ್ಥವಿವರಣೆ ಅವರದು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕು ಅಚ್ಚಿನ ತಪ್ಪು ತಿದ್ದಿದ ಮಾತ್ರಕ್ಕೆ ಮೂಲವೇ ತಮ್ಮದಾಗದು. ನ್ಯಾಯಾಲಯದ ತೀರ್ಪುಗಳನ್ನು ಅಚ್ಚುಹಾಕುವ ಪ್ರಕಾಶಕರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು: ಬರಿಯ ಶ್ರಮ ಸಾಲದು, ಕೌಶಲ ಮತ್ತು ವಿವೇಚನೆ ಬೇಕು. ಇನ್ನು ಪಾಠಕ್ಕೆಂದು ಪುಸ್ತಕದ ಪುಟಗಳನ್ನು ಛಾಯಾಪ್ರತಿ ಮಾಡುವ ವಿಷಯ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ದೊಡ್ಡ ದೊಡ್ಡ ಪ್ರಕಾಶಕರು ದಾವೆ ಹೂಡಿ 2016ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ಸೋತುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು.

ಕಾನೂನು ಹಾಗಿರಲಿ. ಪ್ರತಿಮಾಡುವುದೇ ಪಾಪವಾಗಿದ್ದರೆ ವಚನಗಳು ನಮಗೆ ದಕ್ಕುತ್ತಿದ್ದುವೆ? ಓಲೆಯಿಂದ ಓಲೆಗೆ ಕಂಟದಿಂದ ಕೊರೆದು ಇಳಿಸಿದ ಹೆಸರಿಲ್ಲದ ಲಿಪಿಕಾರರು ಯಾರ ಅನುಮತಿ ಕೇಳಿದ್ದರು? ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಹಕ್ಕೆಂದರೇನೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ವಕೀಲರು ಮನೆಮನೆ ಅಲೆದು ತಾಡವೋಲೆ ಕೂಡಿಹಾಕಿದರು, 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರತಂದರು, 1925ರಲ್ಲಿ ಸ್ವಂತ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಕೊಂಡರು, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ತೆರೆದರು. ಯಂತ್ರವನ್ನು ಅವರು ಕೊಂಡದ್ದು ವಚನವನ್ನು ಹಂಚುವುದಕ್ಕಾಗಿ. ಹರಿದ ಅಂಗಿ ತೊಟ್ಟು ಅಚ್ಚುಮೊಳೆಯ ಮುಂದೆ ನಿಂತ ಆ ಮಹನೀಯರು 1964ರಲ್ಲಿ ಲಿಂಗೈಕ್ಯರಾದರು. ಕಾನೂನಿನ 60 ವರ್ಷ 2024ರ ಡಿಸೆಂಬರಿಗೆ ಮುಗಿಯಿತು. 2025ರ ಜನವರಿ 1ರಿಂದ ಅವರ ಸ್ವಂತ ಬರಹವೂ ಸರ್ವರ ಸ್ವತ್ತು. ಅದನ್ನು ಇದ್ದಂತೆಯೇ ಅಚ್ಚುಹಾಕಿ ಮೇಲೆ ತಮ್ಮ ಹಕ್ಕಿನ ಮುದ್ರೆಯೊತ್ತುವ ಧೈರ್ಯಶಾಲಿಗಳು ಹುಟ್ಟದಿರಲಿ. ಹುಟ್ಟಿದರೆ ಅಂಥ ಪುಸ್ತಕವನ್ನು ಮಠದ ಜಾತ್ರೆಯ ಮಳಿಗೆಯಲ್ಲಿ ಮಾರಗೊಡಬಾರದೆಂದು ನನ್ನ ಖಚಿತ ಅಭಿಪ್ರಾಯ.

ಇಷ್ಟು ಹೇಳಿದುದನ್ನು ಕೇಳಿ ನಮ್ಮ ಭಕ್ತರಲ್ಲಿ ಕೆಲವರು ಹಿಗ್ಗಬಾರದು. ಅವರಿಗೂ ಒಂದು ಮಾತಿದೆ. ವಚನ ಎಲ್ಲರದು, ಹಾಡು ಎಲ್ಲರದಲ್ಲ. ಗವಾಯಿಯೊಬ್ಬರು ರಾಗ ಕೂಡಿಸಿ ಹಾಡಿದ ಧ್ವನಿಮುದ್ರಣದಲ್ಲಿ ರಾಗಸಂಯೋಜಕರ ಹಕ್ಕಿದೆ, ಮುದ್ರಿಸಿದವರ ಹಕ್ಕಿದೆ, 1994ರ ತಿದ್ದುಪಡಿಯಿಂದೀಚೆಗೆ ಹಾಡಿದವರ ಹಕ್ಕೂ ಇದೆ. ಅದನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸುತ್ತ, ಹಾಡಿದವರ ಹೆಸರನ್ನು ಅಳಿಸಿ, ತಮ್ಮ ಸಂಘದ ಹೆಸರನ್ನು ಅಂಟಿಸಿ, ‘ಇದು ದಾಸೋಹ’ ಎನ್ನುವವರನ್ನು ಕಂಡಿದ್ದೇನೆ. ಪರರ ಕಣಜದ ಭತ್ತದಿಂದ ದಾಸೋಹ ನಡೆಯುವುದಿಲ್ಲ. ಕಾಯಕದ ಮಾತನ್ನು ವೇದಿಕೆಯ ಮೇಲೆ ಉದ್ಧರಿಸುವವರು ಹಾಡುಗಾರನ ಕಾಯಕಕ್ಕೆ ಕೂಲಿ ಕೊಡುವುದು ಬೇಡವೆ? ನಮ್ಮ ಮೂಡಿಗೆರೆಯಲ್ಲೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಅವರ ಬರಹದ ಹಕ್ಕು 2067ರ ಕೊನೆಯವರೆಗೆ ನಿಲ್ಲುತ್ತದೆ. ಊರಿನವರೆಂಬ ಸಲಿಗೆಯಿಂದ ಅವರ ಪುಸ್ತಕವನ್ನು ಇಡಿಯಾಗಿ ಪ್ರತಿಮಾಡಿ ಹಂಚಿದರೆ ಅದು ಕಳವೇ.

ಅಂದು ಅಂಗಡಿಯ ಹುಡುಗನೊಡನೆ ವಾದಕ್ಕೆ ನಿಲ್ಲಲಿಲ್ಲ. ಬೆಂಚಿನ ಮೇಲೆ ಕುಳಿತು, ಟಿಪ್ಪಣಿಗಳನ್ನು ಬಿಟ್ಟು, ಹನ್ನೆರಡು ವಚನಗಳನ್ನಷ್ಟೇ ಬಿಳಿಹಾಳೆಯ ಮೇಲೆ ಬರೆದೆ. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಕೈ ನಡುಗುವ ವಯಸ್ಸು, ಮುಗಿಯಲು ಗಂಟೆ ಹಿಡಿಯಿತು. ಹುಡುಗ ಅದನ್ನು ಯಂತ್ರದೊಳಗಿಟ್ಟು ನಲವತ್ತು ಪ್ರತಿ ತೆಗೆದ. ತನಗೂ ಒಂದಿರಲೆಂದು ನಲವತ್ತೊಂದನೆಯದನ್ನು ತೆಗೆದು ಗಲ್ಲದ ಮೇಲಿನ ಗಾಜಿನಡಿ ಇಟ್ಟುಕೊಂಡ.