ಉಂಡ ಮನೆಯ ಭಾಷೆ

ನವೆಂಬರ್ ಬಂತೆಂದರೆ ಹೊರನಾಡಿನ ನಮ್ಮ ಸಂಘಗಳ ವೇದಿಕೆಗಳಲ್ಲಿ ಒಂದೇ ಭಾಷಣ ಬೇರೆ ಬೇರೆ ಬಾಯಿಗಳಿಂದ ಕೇಳಿಬರುತ್ತದೆ. ಬೆಂಗಳೂರಿನಲ್ಲಿ ನೆಲೆಸಿರುವ ಪರಭಾಷಿಕರು ಇಪ್ಪತ್ತು ವರ್ಷ ಕಳೆದರೂ 'ಕನ್ನಡ ಗೊತ್ತಿಲ್ಲ' ಎಂಬ ಎರಡು ಪದಗಳಾಚೆಗೆ ಕನ್ನಡ ಕಲಿತಿಲ್ಲವೆಂದು ಅಲ್ಲಿಂದ ಬಂದ ಅತಿಥಿಗಳು ಗುಡುಗುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಚಪ್ಪಾಳೆ ತಟ್ಟುವ ಮಾಟುಂಗಾದ, ಡೊಂಬಿವಲಿಯ, ಪುಣೆಯ ಆ ಕೈಗಳಲ್ಲಿ ಎಷ್ಟು ಕೈಗಳು ಮರಾಠಿಯಲ್ಲಿ ಒಂದು ಅರ್ಜಿಯನ್ನು ಬರೆಯಬಲ್ಲವು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಬೆಂಗಳೂರಿನಲ್ಲಿ ಅಪರಾಧವಾದದ್ದು ಪುಣೆಯಲ್ಲಿ ಅಭಿಮಾನವಾಗುವ ಈ ಚಮತ್ಕಾರವನ್ನು ಕುರಿತು ನಮ್ಮ ಪತ್ರಿಕೆಗಳು ವಹಿಸಿರುವ ಮೌನ ಇನ್ನು ಸಾಕು.

ಈ ಮಾತು ಎಲ್ಲ ಹೊರನಾಡ ಕನ್ನಡಿಗರಿಗೂ ಅನ್ವಯಿಸುವುದಿಲ್ಲ. ಉಡುಪಿ, ಕುಂದಾಪುರಗಳಿಂದ ಬರಿಗೈಯಲ್ಲಿ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿದ ಆ ಹಿರಿಯ ಪೀಳಿಗೆ ಗಿರಾಕಿಗಳ ಮೇಜಿನ ಬಳಿಯೇ ಮರಾಠಿ ಕಲಿಯಿತು. ವಿಜಯಪುರ, ಕಲಬುರಗಿ ಜಿಲ್ಲೆಗಳಿಂದ ಗಾರೆಕೆಲಸಕ್ಕೆ ಬಂದವರು ಇಂದಿಗೂ ಹಾಗೆಯೇ ಕಲಿಯುತ್ತಾರೆ. ಕಲಿಯದವರು ನಾವು: ಕೇಂದ್ರ ಸರ್ಕಾರದ ಅಧಿಕಾರಿಗಳು, ಬ್ಯಾಂಕಿನವರು, ವಿಜ್ಞಾನಿಗಳು, ಎಂಜಿನಿಯರುಗಳು, ಅಂದರೆ ಸಂಘಗಳ ಪದಾಧಿಕಾರಿಗಳು. ಎರಡು ಪದವಿಗಳನ್ನು ಪಡೆದ ಬುದ್ಧಿಗೆ ಮೂರನೆಯ ಲಿಪಿಯೊಂದು ಭಾರವೆನಿಸುವುದಾದರೆ ಅದು ಅಸಾಮರ್ಥ್ಯವಲ್ಲ, ತಾತ್ಸಾರ. ಮೂರನೆಯ ಲಿಪಿ ಎಂದದ್ದೂ ತಪ್ಪಾದೀತು. ಮರಾಠಿಯ ಲಿಪಿ ದೇವನಾಗರಿ, ಹಿಂದಿ ಓದಿದವರಿಗೆಲ್ಲ ಅದು ಬರುತ್ತದೆ.

ಹಿಂದಿ ಸಾಕಲ್ಲವೇ ಎನ್ನುವವರಿದ್ದಾರೆ. ತರಕಾರಿಯ ಬೆಲೆ ಕೇಳಲು ಸಾಕು, ರಿಕ್ಷಾದವನೊಡನೆ ಜಗಳವಾಡಲೂ ಸಾಕು. ಆದರೆ ಹಳ್ಳಿಯ ಅಂಚಿನಲ್ಲಿ ನಿವೇಶನ ಕೊಳ್ಳಹೊರಟವನ ಕೈಗೆ ಬರುವ ಸಾತ್‌ಬಾರಾ ಉತಾರೆ ಮರಾಠಿಯಲ್ಲಿರುತ್ತದೆ. ಪೊಲೀಸು ಠಾಣೆಯಲ್ಲಿ ಬರೆದುಕೊಳ್ಳುವ ದೂರು ಮರಾಠಿಯಲ್ಲಿರುತ್ತದೆ. 1964ರ ಅಧಿನಿಯಮದಂತೆ ಮರಾಠಿ ಈ ರಾಜ್ಯದ ಆಡಳಿತಭಾಷೆ. ಓದಲಾರದ ಕಾಗದಕ್ಕೆ ರುಜು ಹಾಕಿ, ದಲ್ಲಾಳಿಯ ಬಾಯಿಮಾತನ್ನು ನಂಬಿ ಲಕ್ಷಗಟ್ಟಲೆ ಹಣ ತೆರುವ ವಿದ್ಯಾವಂತ ಕನ್ನಡಿಗನನ್ನು ಕಂಡರೆ, ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮ ಅಜ್ಜಂದಿರು ಎಷ್ಟೋ ವಾಸಿಯೆನಿಸುತ್ತದೆ. ಅವರಿಗೆ ತಮಗೆ ಓದು ಬಾರದೆಂಬುದಾದರೂ ಗೊತ್ತಿತ್ತು.

ಇದರಲ್ಲಿ ಸರ್ಕಾರದ ಪಾಲೂ ಇದೆ. ಕೇಂದ್ರದ ನೌಕರನು ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಹಿಂದಿ ಪರೀಕ್ಷೆಗಳನ್ನು ಪಾಸುಮಾಡಲು ನಗದು ಬಹುಮಾನವುಂಟು, ವೇತನದಲ್ಲಿ ಪ್ರೋತ್ಸಾಹವುಂಟು. ಅವನು ದಿನನಿತ್ಯ ಯಾರ ನಡುವೆ ಕೆಲಸ ಮಾಡುತ್ತಾನೋ ಅವರ ಭಾಷೆಯನ್ನು ಕಲಿಸಲು ಅಂಥ ಏರ್ಪಾಡಿಲ್ಲ. ಐ.ಎ.ಎಸ್. ಅಧಿಕಾರಿಗೆ ತನ್ನ ರಾಜ್ಯದ ಭಾಷೆಯ ಪರೀಕ್ಷೆ ಕಡ್ಡಾಯ. ಅಂಚೆ, ರೈಲ್ವೆ, ತೆರಿಗೆ ಇಲಾಖೆಗಳಲ್ಲಿ ವರ್ಗವಾಗಿ ಬಂದ ಹಿರಿಯ ಅಧಿಕಾರಿಗೆ ಆ ಕಟ್ಟಳೆ ಇಲ್ಲ. ಮೂರು ವರ್ಷಕ್ಕೊಮ್ಮೆ ಊರು ಬದಲಿಸುವ ಇಂಥವನ ಮಕ್ಕಳು ಕೇಂದ್ರೀಯ ವಿದ್ಯಾಲಯದಲ್ಲಿ ಹಿಂದಿ, ಇಂಗ್ಲಿಷ್, ಸಂಸ್ಕೃತಗಳನ್ನು ಓದಿ ಹೊರಬರುತ್ತಾರೆ. ತಾಯ ಭಾಷೆಯೂ ಇಲ್ಲ, ನೆಲದ ಭಾಷೆಯೂ ಇಲ್ಲ. ಇವರನ್ನು ಅಖಿಲ ಭಾರತೀಯರೆಂದು ಕೊಂಡಾಡುವುದು ವಾಡಿಕೆ. ಎಲ್ಲೂ ಬೇರಿಲ್ಲದವರಿಗೆ ಅದೊಂದು ಗೌರವದ ಹೆಸರು, ಅಷ್ಟೆ.

ನಮ್ಮ ಇಬ್ಬಂದಿತನಕ್ಕೆ ಶಾಲೆಗಿಂತ ನಿಚ್ಚಳವಾದ ಸಾಕ್ಷಿ ಬೇಕಿಲ್ಲ. ಕರ್ನಾಟಕವು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಮೂಲಕ ಎಲ್ಲ ಶಾಲೆಗಳಲ್ಲಿಯೂ ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡಿದಾಗ ನಾವು ಅಭಿನಂದನೆಯ ನಿರ್ಣಯಗಳನ್ನು ಅಂಗೀಕರಿಸಿದೆವು. 2020ರಲ್ಲಿ ಮಹಾರಾಷ್ಟ್ರ ಮರಾಠಿಗೆ ಅಂಥದೇ ಕಾನೂನು ತಂದಾಗ, ಮಕ್ಕಳ ಮೇಲೆ ಹೊರೆಯಾಯಿತೆಂದು ಗೊಣಗಿದವರೂ ನಾವೇ. ಮರಾಠಿ ಕಲಿತರೆ ಮಕ್ಕಳು ಕನ್ನಡ ಮರೆಯುತ್ತಾರೆಂಬ ವಾದವನ್ನು ಆಗ ಹೊರತೆಗೆದರು. ಸ್ವಾಮಿ, ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ತರಗತಿಗಳನ್ನು ಬರಿದು ಮಾಡಿದ್ದು ಮರಾಠಿಯೇ? ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, ಸೌಲಭ್ಯವೂ ಇತ್ತು. ನಾವು ಮಕ್ಕಳ ಕೈಹಿಡಿದು ಇಂಗ್ಲಿಷ್ ಶಾಲೆಯ ಬಾಗಿಲಿಗೆ ನಡೆಸಿದೆವು. ಮನೆಯಲ್ಲಿ ಕನ್ನಡವನ್ನು ಕೊಂದ ಕೈ ಇಂಗ್ಲಿಷಿನದು, ಅಪವಾದ ಮರಾಠಿಗೆ.

ಇನ್ನೊಂದು ಭಾಷೆಯನ್ನು ಒಳಗೆ ಬಿಟ್ಟುಕೊಂಡರೆ ತನ್ನದು ಸೊರಗುತ್ತದೆ ಎನ್ನುವವರು ಕನ್ನಡದ ಚರಿತ್ರೆಯನ್ನೇ ಅರಿಯರು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಬಂದ ನೆಲದ ಭಾಷೆಯನ್ನು ಅವರ ಹಿರಿಯರು ದೂರವಿಟ್ಟಿದ್ದರೆ ನಮಗೆ 1973ರ ಮತ್ತು 1983ರ ಜ್ಞಾನಪೀಠಗಳೆಲ್ಲಿರುತ್ತಿದ್ದವು? ಇತ್ತಲಿಂದ ಅತ್ತ ಹೋದವರನ್ನೂ ನೋಡಿ. ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ ಮರಾಠಿ ಅಭಂಗಗಳನ್ನು ಮನೆಮನೆಗೆ ಮುಟ್ಟಿಸಿದರು. ಅದೇ ಕಂಠದಲ್ಲಿ ದಾಸರ ಪದಗಳೂ ಉಳಿದವು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಕುಮಾರ ಗಂಧರ್ವರು ದೇವಾಸದಲ್ಲಿ ನೆಲೆ ನಿಂತು ಮಾಳವದ ಜಾನಪದ ಗೀತಗಳನ್ನು ತಮ್ಮ ಗಾಯನಕ್ಕೆ ತಂದುಕೊಂಡರು. ಜ್ಞಾನದೇವರ ಅಭಂಗವೊಂದು ಪಂಢರಪುರದ ವಿಠ್ಠಲನನ್ನು 'ಕಾನಡಾ' ಎಂದೇ ಕರೆದಿದೆ. ಮರಾಠಿ ಓದದ ಕನ್ನಡಿಗನಿಗೆ ತನ್ನ ದೇವರಿಗೆ ನೆರೆಮನೆಯಲ್ಲಿರುವ ಈ ಹೆಸರೂ ತಿಳಿಯದೆ ಹೋಗುತ್ತದೆ.

ಗಡಿಯ ವಿವಾದವನ್ನು ಇಲ್ಲಿಗೆ ಎಳೆದು ತರುವುದು ಕೆಲವರ ಅಭ್ಯಾಸ. ಬೆಳಗಾವಿ ಕರ್ನಾಟಕದ್ದು, ಮಹಾಜನ ಆಯೋಗದ ವರದಿಯನ್ನು ಕುರಿತ ನಮ್ಮ ನಿಲುವಿನಲ್ಲಿ ಮರಾಠಿ ಕಲಿತದ್ದರಿಂದ ಒಂದಿಂಚೂ ಸಡಿಲಬೇಕಾಗಿಲ್ಲ. ಆ ನಿಲುವನ್ನು ನೆರೆಯವನಿಗೆ ಅವನ ಭಾಷೆಯಲ್ಲೇ ವಿವರಿಸಬಲ್ಲವರು ನಮ್ಮಲ್ಲಿ ಎಷ್ಟು ಜನ? ಮತ್ತೊಂದು ಮಾತನ್ನೂ ಹೇಳಲೇಬೇಕು. 2025ರಲ್ಲಿ ಮುಂಬಯಿಯ ಆಸುಪಾಸಿನಲ್ಲಿ ಮರಾಠಿ ಆಡಲಿಲ್ಲವೆಂದು ಅಂಗಡಿಯವರ ಕೆನ್ನೆಗೆ ಹೊಡೆದವರು ಮರಾಠಿಯ ಸೇವೆ ಮಾಡಲಿಲ್ಲ, ಅದಕ್ಕೆ ಮಸಿ ಬಳಿದರು. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಇಂಥ ಕೆಲಸ ಬೆಂಗಳೂರಿನಲ್ಲಿ ಕನ್ನಡದ ಹೆಸರಿನಲ್ಲಿ ನಡೆದಾಗಲೂ ನಾನು ಇದನ್ನೇ ಹೇಳುತ್ತೇನೆ. ಏಟಿಗೆ ಹೆದರಿ ಕಲಿತವನ ಬಾಯಲ್ಲಿ ಭಾಷೆ ಉಳಿಯದು. ಆದರೆ ಏಟು ಕೊಟ್ಟವನು ಮೂರ್ಖನೆಂಬುದು, ಮೂವತ್ತು ವರ್ಷ ಕಲಿಯದೆ ಕುಳಿತವನಿಗೆ ನೆಪವಾಗಲಾರದು.

ಸಂಘಗಳು ಮಾಡಬಹುದಾದ್ದು ಬಹಳವಿದೆ, ಖರ್ಚು ಕಡಿಮೆ. ರಾಜ್ಯೋತ್ಸವಕ್ಕೆ ಬೆಂಗಳೂರಿನ ಚಿತ್ರನಟರಿಗೆ ವಿಮಾನದ ಟಿಕೆಟು ತೆಗೆಸುವ ಹಣದಲ್ಲಿ ವರ್ಷವಿಡೀ ಒಬ್ಬ ಮರಾಠಿ ಮೇಷ್ಟರನ್ನು ಇಟ್ಟುಕೊಳ್ಳಬಹುದು. ಭೈರಪ್ಪನವರ ಕಾದಂಬರಿಗಳು ಉಮಾ ಕುಲಕರ್ಣಿಯವರ ಅನುವಾದದಲ್ಲಿ ಮರಾಠಿ ಮನೆಗಳನ್ನು ಹೊಕ್ಕಿವೆ. ಆ ಓದುಗರನ್ನು ನಮ್ಮ ಸಭಾಂಗಣಕ್ಕೆ ಒಮ್ಮೆಯಾದರೂ ಕರೆದಿದ್ದೇವೆಯೇ? ನಮ್ಮ ತ್ರೈಮಾಸಿಕಗಳು ಸಂಚಿಕೆಗೊಂದರಂತೆ ಮರಾಠಿಯ ಕಥೆಯನ್ನೋ ಲೇಖನವನ್ನೋ ಕನ್ನಡಕ್ಕೆ ತರಿಸಿ ಅಚ್ಚುಮಾಡಲಿ. ಹೊಸದಾಗಿ ವರ್ಗವಾಗಿ ಬಂದವರಿಗೆ ಸದಸ್ಯತ್ವದ ರಸೀದಿಯ ಜೊತೆಯಲ್ಲೇ ಮರಾಠಿ ತರಗತಿಯ ವೇಳಾಪಟ್ಟಿಯನ್ನೂ ಕೊಡಲಿ. ವಾರದ ಐದು ಸಂಜೆ ಸಂಘದ ಕೋಣೆಗಳಿಗೆ ಬೀಗ ಬಿದ್ದಿರುತ್ತದೆ. ಬೀಗದ ಕೈ ಕಾರ್ಯದರ್ಶಿಗಳ ಬಳಿಯೇ ಇದೆ.